ಪಿಸ್ತೂಲು, ಕೋವಿಗಳಲ್ಲಿ ಅಳತೆ ತಪ್ಪಿದ ತೋಟಾ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು ಮಲೆನಾಡಿನ ಸೆರಗು ಬಯಲುಸೀಮೆಯನ್ನು ಕೂಡುವ ಪ್ರದೇಶದಲ್ಲಿವೆ. ಗೋವಿನಜೋಳ ತೆನೆಗಟ್ಟುವ ಕಾಲಕ್ಕೆ ಕಾಡಂಚಿನ ಹೊಲಗಳಿಗೆ ಹಂದಿಯ ಕಾಟ ತಪ್ಪಿದ್ದಲ್ಲ. ಆದುದರಿಂದ ಕೋವಿಯು ಇಲ್ಲಿಯ ರೈತನಿಗೆ ಅಪರಿಚಿತ ವಸ್ತುವಲ್ಲ. ಬೆಳೆಯ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸು ಕೊಡುವ ವಿಚಾರವನ್ನು ೧೯೫೯ರ ಆಯುಧ ಅಧಿನಿಯಮದ ೧೩ನೆಯ ಕಲಮಿನಲ್ಲಿಯೇ ಹೇಳಿದೆ. ಅಂಥ ಕೋವಿಯಲ್ಲಿ ಮದ್ದನ್ನೂ ಗುಂಡನ್ನೂ ಅಳೆದು ಹಾಕುವವನು ಅದನ್ನು ಹಿಡಿದವನೇ. ತೋಟಾ ಬಂದ ಮೇಲೆ ಅಳತೆಯ ಹೊಣೆ ಕಾರ್ಖಾನೆಗೆ ಸೇರಿತು. ಬಳಸುವವನ ಪಾಲಿಗೆ ಉಳಿದದ್ದು ತೋಟಾದ ಹೆಸರೊಂದೇ. ಆ ಹೆಸರು ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂಬುದನ್ನು ಪ್ರಕೃತ ಲೇಖನದಲ್ಲಿ ನಾವು ವಿವೇಚಿಸುತ್ತೇವೆ.

ಸೇನೆಯ ೯ ಮಿಲಿಮೀಟರಿನ ತೋಟಾ ಹಾರಿಸುವ ಪಿಸ್ತೂಲು ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕನಿಗೆ ನಿಷಿದ್ಧ. ಆದುದರಿಂದ ಆತ್ಮರಕ್ಷಣೆಗೆಂದು ಲೈಸೆನ್ಸು ಪಡೆದವರಲ್ಲಿ 'ಪಾಯಿಂಟ್ ೩೨' ಎಂಬ ಅಳತೆಯೇ ಹೆಚ್ಚು ಪ್ರಚಾರದಲ್ಲಿದೆ. ಆದರೆ ಈ ಒಂದು ಹೆಸರಿನ ಕೆಳಗೆ ಎರಡು ತೋಟಾಗಳಿವೆ. ಈಶಾಪುರದ ಕಾರ್ಖಾನೆಯ 'ಅಶನಿ' ಪಿಸ್ತೂಲಿನ ತೋಟಾ ಒಂದು. ಕಾನ್ಪುರದ ಕಾರ್ಖಾನೆಯ ರಿವಾಲ್ವರಿನ ತೋಟಾ ಇನ್ನೊಂದು. ಮೊದಲನೆಯದರ ಹಿತ್ತಾಳೆಯ ಕೊಳವೆ ಸುಮಾರು ೧೭ ಮಿಲಿಮೀಟರು ಉದ್ದ, ಎರಡನೆಯದು ಸುಮಾರು ೨೩ ಮಿಲಿಮೀಟರು. ಎರಡರ ದಪ್ಪವೂ ಹೆಚ್ಚುಕಡಿಮೆ ಒಂದೇ: ಸುಮಾರು ೮.೬ ಮಿಲಿಮೀಟರು. ಗುಂಡಿನ ನಿಜವಾದ ವ್ಯಾಸವಾದರೋ ಅಂಗುಲದ ೦.೩೨ ಅಲ್ಲ, ೦.೩೧೨ರಷ್ಟು ಮಾತ್ರ. ಹೆಸರು ಬೇರೆ, ಅಳತೆ ಬೇರೆ ಎಂಬುದಕ್ಕೆ ಇದೇ ನಿದರ್ಶನ.

ರಿವಾಲ್ವರಿನ ಉದ್ದ ತೋಟಾ ಪಿಸ್ತೂಲಿನಲ್ಲಿ ಹಿಡಿಯುವುದೇ ಇಲ್ಲ. ಅಪಾಯ ಅಲ್ಲಿಗೇ ಮುಗಿಯಿತು. ಆದರೆ ಪಿಸ್ತೂಲಿನ ಗಿಡ್ಡ ತೋಟಾ ಕೆಲವು ರಿವಾಲ್ವರುಗಳ ಗೂಡಿನಲ್ಲಿ ಇಳಿಯುತ್ತದೆ, ಹಾರಲೂ ಹಾರುತ್ತದೆ. ಅಮೆರಿಕದ ತಯಾರಕರ ಸಂಸ್ಥೆಯು ನಿಗದಿಮಾಡಿದ ಮಿತಿಯಂತೆ ರಿವಾಲ್ವರಿನ ತೋಟಾದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ ೧೫,೦೦೦ ಪೌಂಡು. ಪಿಸ್ತೂಲಿನದು ೨೦,೫೦೦ ಪೌಂಡು. ಅಂದರೆ ಸಹಿಸಬೇಕಾದುದಕ್ಕಿಂತ ಮೂರನೆಯ ಒಂದು ಪಾಲಿಗೂ ಮಿಕ್ಕಿದ ಒತ್ತಡವು ಗೂಡಿನ ಗೋಡೆಯ ಮೇಲೆ ಬೀಳಬಹುದು. ಒಮ್ಮೆ ಏನೂ ಆಗದಿರುವುದು ಇನ್ನೊಮ್ಮೆ ಆಗದೆಂಬುದಕ್ಕೆ ಆಧಾರವಲ್ಲ.

ಬೀಗಕ್ಕೆ ಹೊಂದದ ಕೀಲಿಕೈ ತಿರುಗುವುದಿಲ್ಲ. ತೋಟಾದ ವಿಷಯದಲ್ಲಿ ಹಾಗಲ್ಲ. ದೊಡ್ಡದಾದ ತೋಟಾ ಒಳಗೆ ಹೋಗದೆ ತನ್ನ ತಪ್ಪನ್ನು ತಾನೇ ಸಾರುತ್ತದೆ. ತುಸು ಸಣ್ಣದಾದುದು ಸುಮ್ಮನೆ ಒಳಸೇರುತ್ತದೆ. ತೆಳುವಾದ ಹಿತ್ತಾಳೆಯ ಕೊಳವೆಗೆ ಬಲ ಬರುವುದು ಸುತ್ತಲಿನ ಉಕ್ಕಿನ ಆಸರೆಯಿಂದ. ಆ ಆಸರೆ ದೂರವಾದರೆ ಕೊಳವೆ ಉಬ್ಬಿ ಸೀಳುತ್ತದೆ. ಕಾದ ಅನಿಲವು ಹಿಂದಕ್ಕೆ ನುಗ್ಗಿ ಕೈಗೂ ಕಣ್ಣಿಗೂ ಎರಗಬಹುದು. ಸಡಿಲವಾದ ಗುಂಡು ನಳಿಗೆಯ ತಿರುಗುಗೆರೆಗಳನ್ನು ಹಿಡಿಯದೆ ಲಾಗ ಹಾಕುತ್ತ ಹೋಗಿ, ಗುರಿಗೆ ಅಡ್ಡಡ್ಡಲಾಗಿ ತಾಗುತ್ತದೆ.

ತೋಟಾ ಹಾಕುವ ಉದ್ದ ಕೋವಿಯಲ್ಲಿಯಂತೂ ಈ ಅಪಾಯ ಪ್ರಾಣಾಂತಿಕ. ಕೋವಿಯ 'ಬೋರು' ಎಂಬುದು ತೂಕದಿಂದ ಹುಟ್ಟಿದ ಸಂಖ್ಯೆ: ನಳಿಗೆಯ ವ್ಯಾಸದ ಸೀಸದ ಗುಂಡುಗಳು ಎಷ್ಟು ಕೂಡಿದರೆ ಒಂದು ಪೌಂಡು ಆಗುವುದೋ ಅದೇ ಬೋರು. ಆದುದರಿಂದ ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದಾಗುತ್ತದೆ. ೧೨ ಬೋರಿನದು ೧೮.೫ ಮಿಲಿಮೀಟರು, ೨೦ ಬೋರಿನದು ೧೫.೬. ೧೨ ಬೋರಿನ ಕೋವಿಗೆ ೨೦ರ ತೋಟಾ ಹಾಕಿದರೆ ಅದು ಗೂಡನ್ನು ದಾಟಿ, ನಳಿಗೆ ಕಿರಿದಾಗುವಲ್ಲಿ ಸಿಕ್ಕಿಕೊಳ್ಳುತ್ತದೆ. ಕುದುರೆ ಎಳೆದರೆ ಬರಿಯ ಸಪ್ಪಳ. ಕೋವಿ ಮುರಿದು ನೋಡಿದರೆ ಗೂಡು ಬರಿದಾಗಿ ಕಾಣುತ್ತದೆ. ಕತ್ತಲೆಯಲ್ಲಿ, ಹಂದಿ ಹೊಲ ಹೊಕ್ಕ ಗಡಿಬಿಡಿಯಲ್ಲಿ, ಹಿಂದಿನಿಂದ ಸರಿಯಾದ ೧೨ರ ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. ಸಿಡಿಯುವ ಸ್ಥಳವಾದರೋ ಎಡಗೈ ಹಿಡಿದಿರುವ ಜಾಗದ ಸಮೀಪವೇ. ಈ ಕಾರಣದಿಂದಲೇ ಅನೇಕ ಕಾರ್ಖಾನೆಗಳು ೨೦ರ ತೋಟಾಗಳಿಗೆ ಹಳದಿ ಬಣ್ಣವನ್ನು ಮೀಸಲಿಟ್ಟಿವೆ. ಆದರೆ ಇರುಳಿನಲ್ಲಿ ಬಣ್ಣದ ಸಾಕ್ಷಿ ನಿಲ್ಲದು.

ಇದರಿಂದ ಹೊರಡುವ ನಿಯಮಗಳು ಸರಳವಾಗಿವೆ. ನಳಿಗೆಯ ಮೇಲೆ ಕೆತ್ತಿದ ಹೆಸರನ್ನೂ ತೋಟಾದ ಬುಡದ ಮೇಲೆ ಒತ್ತಿದ ಹೆಸರನ್ನೂ ಹಗಲಿನಲ್ಲಿ, ಪೂರ್ಣವಾಗಿ, ಓದಿ ಹೋಲಿಸಬೇಕು; ಅಂಕಿಯೊಂದೇ ಸಾಲದು. ಎರಡು ಅಳತೆಯ ತೋಟಾಗಳನ್ನು ಒಂದೇ ಚೀಲದಲ್ಲಿ ಇಡಲಾಗದು. ಹೊಡೆತ ಹಾರದಿದ್ದರೆ ಅಥವಾ ಸಪ್ಪಳ ಕ್ಷೀಣವಾದರೆ ಮತ್ತೊಂದು ತೋಟಾ ಹಾಕಲೇಬಾರದು. ಬಾಯಿಯನ್ನು ನಿರ್ಜನ ದಿಕ್ಕಿಗೆ ತಿರುಗಿಸಿ, ಸ್ವಲ್ಪ ಹೊತ್ತು ತಡೆದು, ಕೋವಿ ತೆರೆದು ತೋಟಾ ಹೊರತೆಗೆದ ಬಳಿಕವೇ, ಹಿಂಬದಿಯಿಂದ ನಳಿಗೆಯಲ್ಲಿ ಬೆಳಕು ಕಾಣುವುದೇ ಎಂದು ನೋಡತಕ್ಕದ್ದು. ಬೆಳಕು ಕಾಣದಿದ್ದರೆ ಕೋವಿಯನ್ನು ಬಲ್ಲವರ ಕೈಗೆ ಒಪ್ಪಿಸಬೇಕು.

ದೂರದ ವ್ಯತ್ಯಾಸವನ್ನು ಯಂತ್ರವೇ ತಡೆಯುತ್ತದೆ. ಸಮೀಪದ ವ್ಯತ್ಯಾಸವನ್ನು ಮನುಷ್ಯನೇ ತಡೆಯಬೇಕು. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಇಂಥ ಹಳ್ಳಿಗಳಿಂದಲೇ ಬಂದವರು. ರಜೆಯಲ್ಲಿ ಊರಿಗೆ ಹೋದಾಗ ಮನೆಯ ಹಿರಿಯರೊಡನೆ ಕುಳಿತು ತೋಟಾದ ಬುಡವನ್ನು ಒಮ್ಮೆ ಓದಿದರೆ, ಈ ಲೇಖನದ ಉದ್ದೇಶ ನೆರವೇರಿತೆಂದು ನಾವು ಭಾವಿಸುತ್ತೇವೆ.