ಗಡಿ ದಾಟದ ಕಡತಗಳು

ನಕಲಿ ಛಾಪಾ ಕಾಗದ ಹಗರಣವನ್ನು ನಾವು ತೆಲಗಿಯ ಹೆಸರಿನಲ್ಲಿ ನೆನೆಯುತ್ತೇವೆ. ಖಾನಾಪುರದ ರೈಲು ನಿಲ್ದಾಣದಲ್ಲಿ ಹಣ್ಣು ಮಾರುತ್ತಿದ್ದ ಹುಡುಗ ಮುಂಬೈಯಲ್ಲಿ ಮುದ್ರಣಾಲಯ ತೆರೆದು, ಹಲವು ರಾಜ್ಯಗಳ ಬ್ಯಾಂಕು, ವಿಮಾ ಸಂಸ್ಥೆಗಳಿಗೆ ಖೋಟಾ ಕಾಗದ ಪೂರೈಸಿದ ಕಥೆ ಓದುಗರಿಗೆ ತಿಳಿದದ್ದೇ. ಅರ್ಥಶಾಸ್ತ್ರ ಓದಿ ಸರ್ಕಾರಿ ಸೇವೆಯಲ್ಲಿ ಆಯುಷ್ಯ ಕಳೆದ ನನಗೆ ಅದರಲ್ಲಿ ಕಾಣುವುದು ವ್ಯಕ್ತಿಯ ಚಾಣಾಕ್ಷತೆಗಿಂತ ವ್ಯವಸ್ಥೆಯ ಬಿರುಕು.

ಕಾಗದ ಅಚ್ಚಾಗುತ್ತಿದ್ದುದು ಕೇಂದ್ರದ ನಾಸಿಕ್ ಮುದ್ರಣಾಲಯದಲ್ಲಿ. ಮುದ್ರಾಂಕ ಶುಲ್ಕದ ವರಮಾನ ರಾಜ್ಯಗಳದ್ದು. ಪೊಲೀಸ್ ಕೂಡ ರಾಜ್ಯದ ವಿಷಯ. ಖೋಟಾ ಕಾಗದಕ್ಕೆ ಮಾತ್ರ ಈ ಗಡಿಗಳಿರಲಿಲ್ಲ. 2001ರ ನವೆಂಬರ್‌ನಲ್ಲಿ ಕರ್ನಾಟಕ ಪೊಲೀಸರು ತೆಲಗಿಯನ್ನು ಅಜ್ಮೀರದಲ್ಲಿ ಬಂಧಿಸಿದರು. ಆತ ಬೆಂಗಳೂರಿನ ಜೈಲಿನಲ್ಲಿದ್ದಾಗಲೇ, 2002ರಲ್ಲಿ, ಪುಣೆಯಲ್ಲಿ ಖೋಟಾ ಕಾಗದ ಸಿಕ್ಕಿತು. ವ್ಯವಹಾರ ಜೈಲಿನಿಂದಲೇ ದೂರವಾಣಿಯಲ್ಲಿ ಸಾಗಿತ್ತು! ಕರ್ನಾಟಕಕ್ಕೊಂದು ತನಿಖಾ ತಂಡ, ಮಹಾರಾಷ್ಟ್ರಕ್ಕೊಂದು. 2004ರಲ್ಲಿ ಸುಪ್ರೀಂ ಕೋರ್ಟ್ ತನಿಖೆಯನ್ನು ಸಿಬಿಐಗೆ ಒಪ್ಪಿಸಬೇಕಾಯಿತು.

ಸಹಕಾರ ಅಸಾಧ್ಯವೇನಲ್ಲ. 2017ರ ಗೌರಿ ಲಂಕೇಶ್ ಹತ್ಯೆಯ ಆರೋಪಿಗಳಿಗೆ ಖಾನಾಪುರದ ಕಾಡಿನಲ್ಲಿ ಬಂದೂಕು ತರಬೇತಿ ನಡೆದಿತ್ತೆಂಬುದು ಕರ್ನಾಟಕದ ವಿಶೇಷ ತನಿಖಾ ದಳದ ಆರೋಪ. ಆ ದಳದ ಸುಳಿವುಗಳು ಮಹಾರಾಷ್ಟ್ರದ ಪೊಲೀಸರಿಗೆ ತಲುಪಿದ ಮೇಲೆ, 2013ರಲ್ಲಿ ಪುಣೆಯಲ್ಲಿ ನಡೆದ ದಾಭೋಲ್ಕರ್ ಹತ್ಯೆಯ ಗಂಟೂ ಬಿಚ್ಚತೊಡಗಿತು. 2024ರ ಮೇ ತಿಂಗಳಲ್ಲಿ ಪುಣೆ ನ್ಯಾಯಾಲಯ ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆದರೆ ಇಂಥ ಸಹಕಾರ ದೊಡ್ಡ ಪ್ರಕರಣ ಬಂದಾಗಿನ ಏರ್ಪಾಡು, ಕಾಯಂ ವ್ಯವಸ್ಥೆಯಲ್ಲ.

ಪೆಸಿಫಿಕ್ ದ್ವೀಪರಾಷ್ಟ್ರಗಳ ಪೊಲೀಸ್ ಮುಖ್ಯಸ್ಥರು 1970ರಿಂದ ಒಂದೇ ವೇದಿಕೆಯಲ್ಲಿ ಸೇರುತ್ತಿದ್ದಾರೆ. ಸಮೋವಾದ ಅಪಿಯಾದಲ್ಲಿ ಅವರದೊಂದು ಅಪರಾಧ ಮಾಹಿತಿ ಕೇಂದ್ರವೂ ಇದೆ. ಸಮುದ್ರ ನಡುವಿದ್ದವರಿಗೆ ಸಾಧ್ಯವಾದದ್ದು, ಚೋರ್ಲಾ ಘಾಟ್ ಇಳಿದರೆ ಗೋವಾ, ನಿಪ್ಪಾಣಿ ದಾಟಿದರೆ ಮಹಾರಾಷ್ಟ್ರ ಎಂಬಂತಿರುವ ಬೆಳಗಾವಿಗೆ ಏಕಾಗದು? ಕಾನೂನಿನ ನೆಪವೂ ಈಗಿಲ್ಲ. ಮಹಾರಾಷ್ಟ್ರಕ್ಕೆ 1999ರ, ಕರ್ನಾಟಕಕ್ಕೆ 2000ದ ಪ್ರತ್ಯೇಕ ಕಾಯ್ದೆಗಳಿವೆ ನಿಜ; 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಂ ಸಂಘಟಿತ ಅಪರಾಧವನ್ನು ದೇಶಕ್ಕೆಲ್ಲ ಒಂದೇ ರೀತಿ ವ್ಯಾಖ್ಯಾನಿಸುತ್ತದೆ. ಠಾಣೆಗಳ ಕಂಪ್ಯೂಟರ್ ಜಾಲವಿದೆಯಲ್ಲ ಎನ್ನಬಹುದು. ಜಾಲದಲ್ಲಿ ಎಫ್‌ಐಆರ್ ಸಿಗುತ್ತದೆ. ಅದನ್ನು ಪಕ್ಕದ ರಾಜ್ಯದ ಎಫ್‌ಐಆರ್ ಜೊತೆ ಇಟ್ಟು ನೋಡುವ ಅಧಿಕಾರಿ ಸಿಗುವುದಿಲ್ಲ.

ಮೂರೂ ರಾಜ್ಯಗಳ ತಲಾ ಇಬ್ಬರು ಅಧಿಕಾರಿಗಳು ಕಾಯಮ್ಮಾಗಿ ಕೂರುವ ಒಂದು ಕೊಠಡಿ ಸಾಕು. ತೊಡಕು ಬೇರೆಡೆ ಇದೆ. ಮಹಾರಾಷ್ಟ್ರ 2004ರಲ್ಲಿ ಹೂಡಿದ ಗಡಿ ದಾವೆ ಇನ್ನೂ ಬಾಕಿಯಿರುವಾಗ, ಬೆಳಗಾವಿಯಲ್ಲಿ ಆ ರಾಜ್ಯದ ಅಧಿಕಾರಿಗೆ ಮೇಜು ಹಾಕಿಕೊಟ್ಟರೆ ಎರಡೂ ಕಡೆ ಇಲ್ಲದ ಅರ್ಥ ಹುಟ್ಟುತ್ತದೆ. ಹಾಗಾದರೆ ಕೊಠಡಿ ಪಣಜಿಯಲ್ಲಿರಲಿ. ಗೋವಾದೊಂದಿಗೂ ನಮಗೆ ಮಹದಾಯಿ ವ್ಯಾಜ್ಯವಿದೆ ನಿಜ. ಅದು ನೀರಿನದು, ನೆಲದ್ದಲ್ಲ. ಖಾನಾಪುರದಿಂದ ಬೆಳಿಗ್ಗೆ ಹೊರಟ ಅಧಿಕಾರಿ ಮಧ್ಯಾಹ್ನದೊಳಗೆ ಅಲ್ಲಿರುತ್ತಾನೆ.