ಎಣಿಕೆ ತಪ್ಪುವ ಜೀನ್

ಕಾಲು ಅಗಲಿಸಿಕೊಂಡು ತೂರಾಡುವ ನಡಿಗೆ, ತೊದಲುವ ಮಾತು, ಬಾಯಿಗೆ ತರುವಷ್ಟರಲ್ಲಿ ತುಳುಕುವ ಲೋಟ. ಕಿರುಮಿದುಳು ಸವೆಯುತ್ತ ಹೋದಾಗ ಕಾಣುವ ಈ ತೊಂದರೆಗೆ ಅಟಾಕ್ಸಿಯಾ ಎಂದು ಹೆಸರು. ಇಂಥವರನ್ನು ಬೀದಿಯಲ್ಲಿ ಕಂಡವರು ಕುಡಿದಿದ್ದಾರೆಂದುಕೊಳ್ಳುವುದುಂಟು. ಕಾಯಿಲೆಯ ಜೊತೆಗೆ ಆ ಅವಮಾನವನ್ನೂ ಅವರು ಹೊರಬೇಕು.

1971ರಲ್ಲಿ ಮುಂಬಯಿಯ ನರರೋಗ ತಜ್ಞ ಡಾ. ನೋಶಿರ್ ವಾಡಿಯಾ ತಮ್ಮ ಸಹೋದ್ಯೋಗಿಯೊಡನೆ ಒಂಬತ್ತು ಕುಟುಂಬಗಳಲ್ಲಿ ಕಂಡ ವಂಶಪಾರಂಪರ್ಯ ಅಟಾಕ್ಸಿಯಾವೊಂದನ್ನು ವಿವರಿಸಿದರು. ಅವರ ಗಮನ ಹೋದದ್ದು ಕಣ್ಣಿನತ್ತ. ನಮ್ಮ ನೋಟ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಥಟ್ಟನೆ ಜಿಗಿಯುತ್ತದೆ. ಈ ರೋಗಿಗಳ ಕಣ್ಣು ಮಾತ್ರ ನಿಧಾನವಾಗಿ ತೆವಳುತ್ತಿತ್ತು. ಈ ಚಹರೆಯ ರೋಗವನ್ನು ಇಂದು ಎಸ್‌ಸಿಎ2 ಎನ್ನುತ್ತಾರೆ. ಕ್ಯೂಬಾದ ಓಲ್ಗಿನ್ ಪ್ರಾಂತ್ಯದಲ್ಲಿ ಇದು ಬೇರೆಲ್ಲೂ ಇಲ್ಲದಷ್ಟು ದಟ್ಟವಾಗಿದೆ. ಕಾರಣವಾದ ಜೀನ್ 1996ರಲ್ಲಿ 12ನೇ ವರ್ಣತಂತುವಿನಲ್ಲಿ ಸಿಕ್ಕಿತು.

ಆ ಜೀನ್‌ನಲ್ಲಿ ಸಿಎಜಿ ಎಂಬ ಮೂರಕ್ಷರ ಸಾಲಾಗಿ ಮರುಕಳಿಸುತ್ತದೆ. ಹೆಚ್ಚಿನವರಲ್ಲಿ ಈ ಸಾಲಿನ ಉದ್ದ 22. ಅದು 35 ಮುಟ್ಟಿತೆಂದರೆ ಎಂದಾದರೊಂದು ದಿನ ರೋಗ ಬರುವುದು ಬಹುಮಟ್ಟಿಗೆ ಖಚಿತ. ಆದರೆ ಆರೋಗ್ಯವಂತರ 22ನ್ನು ಬಿಡಿಸಿ ನೋಡಿದರೆ ಅದು ಬರೀ ಸಿಎಜಿ ಅಲ್ಲ. ಎಂಟು ಸಿಎಜಿ, ಒಂದು ಸಿಎಎ, ನಾಲ್ಕು ಸಿಎಜಿ, ಮತ್ತೊಂದು ಸಿಎಎ, ಮತ್ತೆ ಎಂಟು ಸಿಎಜಿ. ಪ್ರೋಟೀನಿನ ಮಟ್ಟಿಗೆ ಇವೆರಡೂ ಒಂದೇ, ಎರಡರಿಂದಲೂ ಬರುವುದು ಗ್ಲುಟಮಿನ್. ಡಿಎನ್‌ಎಗೆ ಮಾತ್ರ ಈ ವ್ಯತ್ಯಾಸ ಬಹಳ ಮುಖ್ಯ. ಮಲ್ಲಿಗೆ ದಂಡೆಯ ನಡುನಡುವೆ ಕನಕಾಂಬರ ಇದ್ದರೆ ಎಣಿಸುವವರ ಲೆಕ್ಕ ತಪ್ಪುವುದಿಲ್ಲ. ಉದ್ದಕ್ಕೂ ಮಲ್ಲಿಗೆಯೇ ಆದರೆ ತಪ್ಪುತ್ತದೆ. ಸಿಎಎ ಕಳೆದುಹೋದ ಸಾಲು ನಕಲಾಗುವಾಗ, ದುರಸ್ತಿಯಾಗುವಾಗ ಎಳೆ ಜಾರಿ ತನ್ನ ಮೇಲೆಯೇ ಮಡಚಿಕೊಳ್ಳುತ್ತದೆ. ಅದನ್ನು ಸರಿಪಡಿಸಲು ಬರುವ ಕಿಣ್ವಗಳೇ ಕೆಲವೊಮ್ಮೆ ಹೆಚ್ಚುವರಿ ಸಿಎಜಿಗಳನ್ನು ಕಾಯಂ ಮಾಡಿಬಿಡುತ್ತವೆ. ಸಾಲು ಉದ್ದವಾದಷ್ಟೂ ಗ್ಲುಟಮಿನ್ ಸರವೂ ಉದ್ದವಾಗಿ, ಪ್ರೋಟೀನು ಗಂಟುಕಟ್ಟಿ, ಕಿರುಮಿದುಳಿನ ಪರ್ಕಿಂಜೆ ಕೋಶಗಳು ಸಾಯತೊಡಗುತ್ತವೆ.

ಅಪ್ಪನಿಗೆ ನಲವತ್ತರಲ್ಲಿ ಬಂದದ್ದು ಮಗನಿಗೆ ಇಪ್ಪತ್ತೈದಕ್ಕೇ ಬರುವುದು ಇದರಿಂದಲೇ. ತಂದೆಯಿಂದ ದಾಟುವಾಗ ಸಾಲು ಹಿಗ್ಗುವುದು ಹೆಚ್ಚು. ಬೇರೊಂದು ಆನುವಂಶಿಕ ಕಾಯಿಲೆಯಲ್ಲಿ ಕುಟುಂಬಗಳು ಹೀಗೆ ಮಕ್ಕಳಿಗೆ ರೋಗ ಬೇಗ ಬರುತ್ತದೆಂದು ಹೇಳುತ್ತಿದ್ದಾಗ, ಲಯನೆಲ್ ಪೆನ್ರೋಸ್‌ರಂಥ ದೊಡ್ಡ ತಳಿವಿಜ್ಞಾನಿ 1948ರಲ್ಲಿ ಅದನ್ನು ಅಂಕಿಅಂಶದ ಭ್ರಮೆ ಎಂದಿದ್ದರು. ಮನೆಮಂದಿ ಕಂಡದ್ದೇ ನಿಜವಾಗಿತ್ತು.

ಎಸ್‌ಸಿಎ2 ಇರುವವರ ಪ್ರತಿ ಮಗುವಿಗೂ ಅದು ದಾಟುವ ಸಂಭವ ಅರ್ಧಕ್ಕರ್ಧ. ರೋಗವನ್ನು ತಡೆಯುವ ಔಷಧ ಇನ್ನೂ ಇಲ್ಲ, ವ್ಯಾಯಾಮ ಚಿಕಿತ್ಸೆಯಿಂದ ನಡಿಗೆ ಕೆಲಕಾಲ ಸುಧಾರಿಸುತ್ತದೆ. ಸಾಲಿನ ಉದ್ದವನ್ನು ರಕ್ತಪರೀಕ್ಷೆ ಹೇಳಬಲ್ಲದು. ಆದರೆ ಲಕ್ಷಣಗಳೇ ಇಲ್ಲದ ಮಕ್ಕಳಿಗೆ ಆ ಪರೀಕ್ಷೆ ಮಾಡಿಸಬೇಡಿ. ತಿಳಿಯಬೇಕೋ ಬೇಡವೋ ಎಂಬುದನ್ನು ಅವರು ದೊಡ್ಡವರಾದ ಮೇಲೆ ತಾವೇ ತೀರ್ಮಾನಿಸಲಿ. ವಯಸ್ಕರೂ ಮೊದಲು ತಳಿ ಸಮಾಲೋಚಕರ ಜೊತೆ ಕೂತು ಮಾತಾಡಿ, ಆಮೇಲೆ ರಕ್ತ ಕೊಡಲಿ.