ಏಳು ಅಂಕ ಬಂತು, ಲೆಕ್ಕ ಬಂತೇ?

ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡದ್ದು 1923ರಲ್ಲಿ. ಆ ಊರಿನವರಿಗೆ ಉಕ್ಕಿನ ಕಸುಬಿನ ಒಂದು ಪಾಠ ಚೆನ್ನಾಗಿ ಗೊತ್ತು. ಉಕ್ಕು ಕರಗಿ ಕುದಿಯುತ್ತಿರುವಾಗಲೇ ಸ್ವಲ್ಪ ತೆಗೆದು ಪರೀಕ್ಷಿಸಬೇಕು. ಏನಾದರೂ ಕಡಿಮೆಯಿದ್ದರೆ ಆಗಲೇ ಸೇರಿಸಬಹುದು. ಅಚ್ಚಿನಲ್ಲಿ ತಣಿದ ಮೇಲೆ ದೋಷ ಕಂಡರೆ ಮತ್ತೆ ಕರಗಿಸದೆ ಗತ್ಯಂತರವಿಲ್ಲ. ಮಕ್ಕಳ ಓದಿನ ವಿಷಯದಲ್ಲಿ ಮಾತ್ರ ಬಹಳಷ್ಟು ಪಾಲಕರು ತಣಿದ ಮೇಲಿನ ಪರೀಕ್ಷೆಗೇ ಕಾಯುತ್ತಾರೆ. ಅದೇ ಅಂಕಪಟ್ಟಿ!

ಅಂಕದ ಹಿಂದೆ ಅಡಗಿದ್ದು

ಶಿವಮೊಗ್ಗದ ಗಾಂಧಿ ಬಜಾರಿಗೆ 52 ರೂಪಾಯಿ ಒಯ್ದು 27 ರೂಪಾಯಿಯ ಸಾಮಾನು ತಂದರೆ ಉಳಿಯುವುದೆಷ್ಟು? ಮಗು 35 ಎಂದು ಬರೆಯುತ್ತದೆ. 2ರಲ್ಲಿ 7 ಹೋಗುವುದಿಲ್ಲ. ಹಾಗಾಗಿ 7ರಲ್ಲೇ 2 ಕಳೆದು 5 ಬರೆದಿದೆ. ದಶಕ ಬಿಡಿಸಿ ಕಳೆಯುವುದು ಅದಕ್ಕೆ ತಿಳಿದಿಲ್ಲ. ಪರೀಕ್ಷೆಯ ಹತ್ತು ಲೆಕ್ಕಗಳಲ್ಲಿ ಇಂಥವು ಮೂರೇ ಇದ್ದರೆ ಅದಕ್ಕೆ 7 ಅಂಕ ಖಚಿತ. ಎಲ್ಲ ಗೊತ್ತಿದ್ದೂ ಅವಸರದಲ್ಲಿ ಮೂರು ತಪ್ಪು ಮಾಡಿದ ಪಕ್ಕದ ಮಗುವಿಗೂ 7. ಅಂಕ ಒಂದೇ, ಬೇಕಾದ ಔಷಧ ಬೇರೆ. ಮೊದಲ ಮಗುವಿನ ತೊಡಕು ಉಳಿದುಕೊಂಡರೆ ಮುಂದೆ ಭಾಗಾಕಾರದಲ್ಲೂ ಎಡವುತ್ತದೆ. ಆಗ ‘ಇವನಿಗೆ ಗಣಿತ ಹತ್ತುವುದಿಲ್ಲ’ ಎಂಬ ಹಣೆಪಟ್ಟಿ ಬೀಳುತ್ತದೆ.

ಏಣಿಯ ಮೆಟ್ಟಿಲು

ಇದಕ್ಕೊಂದು ದಾರಿ ನಮ್ಮ ನಾಡಿನಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು, ಆಂಧ್ರದ ರಿಷಿವ್ಯಾಲಿಯ ಪ್ರಯೋಗದಿಂದ ಸ್ಫೂರ್ತಿ ಪಡೆದು ‘ನಲಿ-ಕಲಿ’ ಆರಂಭಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆ ವಿಸ್ತರಿಸಿತು. ಇಲ್ಲಿ ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು ಕಲಿಕಾ ಏಣಿ ಕಟ್ಟಲಾಗಿದೆ. ಒಂದು ಮೆಟ್ಟಿಲು ಗಟ್ಟಿಯಾದ ಮೇಲೆಯೇ ಮುಂದಿನದು. ಯಾವ ಮಗು ಎಲ್ಲಿದೆ ಎಂಬುದು ಪ್ರಗತಿ ನೋಟದಲ್ಲಿ ದಾಖಲಾಗುತ್ತದೆ. ಶಿಕ್ಷಕರ ಪೂರ್ಣ ನೆರವು ಬೇಕಾದವರಿಂದ ಹಿಡಿದು ತಾವೇ ಕಲಿಯಬಲ್ಲವರವರೆಗೆ ಮಕ್ಕಳು ಐದು ಗುಂಪುಗಳಲ್ಲಿ ಕೂರುತ್ತಾರೆ. ಮೇಲಿನ ತರಗತಿಗಳ ರೂಪಣಾತ್ಮಕ ಮೌಲ್ಯಮಾಪನದ ಉದ್ದೇಶವೂ ಇದೇ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ ನಂತರ, 2022-23ರ ‘ಕಲಿಕಾ ಚೇತರಿಕೆ’ಯೂ ತಪ್ಪಿಹೋದ ಮೆಟ್ಟಿಲುಗಳನ್ನು ಮರಳಿ ಕಟ್ಟುವ ಯತ್ನವಾಗಿತ್ತು.

ಆದರೆ ತಖ್ತೆ ತುಂಬಿದ ಮಾತ್ರಕ್ಕೆ ತಲೆ ತುಂಬುವುದಿಲ್ಲ. ತರಗತಿ ದೊಡ್ಡದಾದಷ್ಟೂ ದಾಖಲೆ ಬರೆಯುವುದೇ ಶಿಕ್ಷಕರಿಗೆ ಹೊರೆ. ಇಂದು ಬಂದದ್ದು ತಿಂಗಳ ಬಳಿಕ ಮರೆತೂ ಹೋಗಬಹುದು. ಹಾಕಿದ ಗುರುತನ್ನು ಮತ್ತೊಮ್ಮೆ ಪರೀಕ್ಷಿಸಿದರೆ ಮಾತ್ರ ಅದಕ್ಕೆ ಬೆಲೆ.

ಮನೆಯಲ್ಲಿ ಏನು ಮಾಡಬಹುದು?

ಪಾಲಕರ ಸಭೆಗೆ ಹೋದಾಗ ‘ಎಷ್ಟು ಅಂಕ ಬಂತು, ಮೇಷ್ಟ್ರೇ?’ ಎನ್ನುವ ಬದಲು ‘ಯಾವುದು ಬಂದಿದೆ, ಯಾವುದು ಇನ್ನೂ ಬಂದಿಲ್ಲ?’ ಎಂದು ಕೇಳಿ. ಮನೆಯಲ್ಲಿ ಉತ್ತರವನ್ನಷ್ಟೇ ನೋಡದೆ, ‘ಇದನ್ನು ಹೇಗೆ ಮಾಡಿದೆ, ಹೇಳು ಪುಟ್ಟಾ’ ಎಂದು ವಿಚಾರಿಸಿ. ತಪ್ಪಿನ ಬೇರು ಅಲ್ಲೇ ಸಿಗುತ್ತದೆ.

ವಿದ್ಯಾರ್ಥಿಗಳೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪ್ರತಿ ಪಾಠಕ್ಕೆ ಮೂರು ಅಂಕಣ ಹಾಕಿಕೊಳ್ಳಬಹುದು: ಸಹಾಯ ಬೇಕು, ಒಬ್ಬನೇ ಮಾಡಬಲ್ಲೆ, ಗೆಳೆಯನಿಗೆ ಹೇಳಿಕೊಡಬಲ್ಲೆ. ಮೊದಲ ಅಂಕಣದಲ್ಲಿ ಗುರುತು ಹಾಕಲು ನಾಚಿಕೆ ಬೇಡ. ಮರುದಿನ ಟೀಚರ್ ಬಳಿ ಕೇಳಬೇಕಾದ ಪ್ರಶ್ನೆ ಅಲ್ಲೇ ಇರುತ್ತದೆ.